ಹನ್ನೊಂದು ತಿಂಗಳ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು: 18 ತಿಂಗಳ ಬಳಕೆಯ ವಿಮರ್ಶೆ

ಕಾರು: 1.5 ಲೀಟರ್ ಡೀಸೆಲ್, ಮ್ಯಾನುಯಲ್ ಗೇರ್, ಬಿಎಸ್6 (ಹೊಗೆ ಮಿತಿಯ ನಿಯಮ), ನಾಲ್ಕು ಮೀಟರಿನೊಳಗಿನ ಎಸ್‌ಯುವಿ. ನೋಂದಣಿ ಕೆಎ-18. ಕೊಂಡಾಗ ವಯಸ್ಸು 11 ತಿಂಗಳು, ಮೀಟರ್‌ನಲ್ಲಿ 9,200 ಕಿ.ಮೀ. ಈಗ 31,400. ಓಡಾಟ ಹೆಚ್ಚಾಗಿ ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ. ತಿಂಗಳಿಗೆ ಒಂದೆರಡು ಸಲ ಹಾಸನ, ಆಗಾಗ ಬೆಂಗಳೂರು. ಮೈಲೇಜ್ ಮಲೆನಾಡಿನ ಏರಿಳಿತದಲ್ಲಿ ಲೀಟರಿಗೆ 16ರ ಆಸುಪಾಸು, ಕಡೂರು ಕಡೆಯ ಸಪಾಟು ರಸ್ತೆಯಲ್ಲಿ 19-20. ಪಿಕಪ್, ಸೀಟು, ಸಸ್ಪೆನ್ಶನ್, ಎ.ಸಿ. ಯಾವುದರ ಮೇಲೂ ದೂರಿಲ್ಲ. ಈ ವಿಮರ್ಶೆ ಮಾಡೆಲ್ ಬಗ್ಗೆ ಅಲ್ಲ, "ಹೊಸದರ ಹಾಗೇ ಇದೆ" ಅನ್ನಿಸಿಕೊಂಡು ಬರುವ ಕಾರಿನ ಒಳಗೆ ಏನೇನು ಅಡಗಿರುತ್ತದೆ ಅನ್ನುವುದರ ಬಗ್ಗೆ.

ಕೊಳ್ಳುವಾಗ ಎಲ್ಲರೂ ನೋಡುವುದನ್ನೆಲ್ಲ ನೋಡಿ ಆಗಿತ್ತು. ಪೇಂಟ್ ಒರಿಜಿನಲ್. ಗಾಜುಗಳ ಮೇಲಿನ ವರ್ಷ ಒಂದೇ. ಟೈರಿನ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ, ಅಂದರೆ ತಯಾರಾದ ವಾರ ಮತ್ತು ವರ್ಷ, ಸ್ಟೆಪ್ನಿ ಸೇರಿ ಐದರಲ್ಲೂ ಹೊಂದುತ್ತಿತ್ತು. ಅಪಘಾತದ ಸುಳಿವಿಲ್ಲ, ಮೀಟರ್ ತಿರುವಿದ ಸುಳಿವೂ ಇಲ್ಲ. ನೋಡದೆ ಬಿಟ್ಟದ್ದು ಒಂದನ್ನೇ: ಮೀಟರ್ ಫಲಕದಲ್ಲಿ ಎರಡನೇ ಟ್ರಿಪ್‌ನ ಸರಾಸರಿ ವೇಗ. ಮೊದಲಿನವರು ಅದನ್ನು ಒಮ್ಮೆಯೂ ಸೊನ್ನೆಗೆ ಇಳಿಸಿರಲಿಲ್ಲ. ಅದು ತೋರಿಸುತ್ತಿದ್ದುದು ಗಂಟೆಗೆ 17 ಕಿ.ಮೀ.

ಈ ಒಂದು ಅಂಕಿಯಲ್ಲಿ ಕಾರಿನ ಜಾತಕವೇ ಇದೆ. 9,200 ಕಿ.ಮೀ.ಯನ್ನು 17ರಿಂದ ಭಾಗಿಸಿದರೆ ಇಂಜಿನ್ ಸುಮಾರು 540 ಗಂಟೆ ಓಡಿದೆ. ಹೆದ್ದಾರಿಯಲ್ಲಿ ಸರಾಸರಿ 45ರ ವೇಗದಲ್ಲಿ ಓಡುವ ಕಾರು ಅಷ್ಟೇ ಗಂಟೆಯಲ್ಲಿ 24,000 ಕಿ.ಮೀ. ದಾಟಿರುತ್ತದೆ. ಮನೆಯಿಂದ ತೋಟ, ತೋಟದಿಂದ ಪೇಟೆ, ಮಕ್ಕಳ ಶಾಲೆ, ಎಲ್ಲ ಮೂರು ನಾಲ್ಕು ಕಿ.ಮೀ. ಓಡಾಟ. ಇಂಜಿನ್ ಬಿಸಿಯಾಗುವ ಹೊತ್ತಿಗೆ ಆಫ್. ಹಳೆಯ ಡೀಸೆಲ್ ಜೀಪುಗಳು ಇದನ್ನು ತಾಳಿಕೊಳ್ಳುತ್ತಿದ್ದವು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಿನ ಡೀಸೆಲ್‌ಗಳು ತಾಳುವುದಿಲ್ಲ, ಯಾಕೆಂದರೆ ಅವುಗಳಿಗೆ ಡಿಪಿಎಫ್ ಇದೆ.

ಡಿಪಿಎಫ್ ಎಂದರೆ ಸೈಲೆನ್ಸರ್ ದಾರಿಯಲ್ಲಿ ಕೂತ ಮಸಿ ಹಿಡಿಯುವ ಫಿಲ್ಟರ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ ರೀಜನರೇಶನ್ ಎನ್ನುತ್ತಾರೆ, ಗ್ಯಾರೇಜ್ ಮಾತಿನಲ್ಲಿ ರೀಜನ್. ಸುಡಲು 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಮಾಮೂಲಿ ಓಡಾಟದಲ್ಲಿ ಹೊಗೆ ಅಷ್ಟು ಬಿಸಿಯಾಗದ ಕಾರಣ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಡೀಸೆಲನ್ನು ತಡವಾಗಿ, ಉರಿಯುವ ಹೊಡೆತ ಮುಗಿದ ಮೇಲೆ, ಸ್ವಲ್ಪ ಹೆಚ್ಚುವರಿಯಾಗಿ ಚಿಮ್ಮಿಸುತ್ತದೆ. ಈ ಕೆಲಸಕ್ಕೆ 15-20 ನಿಮಿಷ ಬಿಡದೆ ಓಡಬೇಕು. ನಡುವೆ ಇಂಜಿನ್ ಆಫ್ ಮಾಡಿದರೆ ಎರಡು ಕೆಡುಕು. ಮಸಿ ಸುಡದೆ ಉಳಿಯುತ್ತದೆ. ಚಿಮ್ಮಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಮೂರು ಕಿ.ಮೀ. ಓಡುವ ಕಾರಿನಲ್ಲಿ ಹೀಗೆ ಅರ್ಧಕ್ಕೇ ನಿಲ್ಲುವುದು ದಿನವೂ ನಡೆಯುತ್ತದೆ.

ಕೊಂಡ ಮೂರನೇ ವಾರದಲ್ಲಿ ಡಿಪಿಎಫ್ ದೀಪ ಹತ್ತಿತು. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳಗಲ ಮೇಲೆ. ಆಯಿಲ್ ಕಡಿಮೆಯಾದರೆ ಹೆದರುವ ಜನ, ಆಯಿಲ್ ಹೆಚ್ಚಾದರೆ ಹೆದರುವುದಿಲ್ಲ. ಇಲ್ಲಿ ಹೆಚ್ಚಾಗುವುದೇ ಕೇಡು. ಕಡ್ಡಿಯ ತುದಿಯಿಂದ ಹನಿ ಎಳೆಯಾಗಿ ಇಳಿಯದೆ ನೀರಿನ ಹಾಗೆ ಪಟ್ಟನೆ ಬೀಳುತ್ತದೆ, ಬೆರಳಲ್ಲಿ ಉಜ್ಜಿದರೆ ಜಿಡ್ಡಿಲ್ಲ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಇಂಥ ಆಯಿಲ್‌ನಲ್ಲಿ ಘಾಟಿ ಹತ್ತಿದರೆ ಮೊದಲು ಸೊರಗುವುದು ಟರ್ಬೋದ ಬೇರಿಂಗು. ಅಳೆಯುವಾಗ ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಕಳೆದಿರಬೇಕು. ಇಳಿಜಾರಿನ ಅಂಗಳದಲ್ಲಿ ನೋಡಿದ ಅಳತೆಗೆ ಬೆಲೆ ಇಲ್ಲ, ಮಲೆನಾಡಿನ ಅಂಗಳಗಳು ಹೆಚ್ಚಿನವು ಇಳಿಜಾರೇ.

ಸರ್ವಿಸ್ ಸೆಂಟರಿನಲ್ಲಿ ಬಂದ ಮೊದಲ ಉತ್ತರ: "ಒಂದ್ಸಲ ಹೈವೇಗೆ ಹೋಗ್ಬನ್ನಿ ಸಾರ್, ತಾನೇ ಸರಿಯಾಗುತ್ತೆ." ದೀಪ ಆಗಷ್ಟೇ ಹತ್ತಿದ್ದರೆ ಈ ಮಾತು ನಿಜ. ಆದರೆ ಆಯಿಲ್ ಮಟ್ಟ ಮೀರಿದ ಮೇಲೆ ಹೈವೇಯಲ್ಲಿ ಎಳೆಯುವುದು ತಪ್ಪು. ಸರಿಯಾದ ಕ್ರಮ ಹೀಗೆ: ಹೆಚ್ಚುವರಿ ಆಯಿಲನ್ನು ಗೆರೆಗೆ ಇಳಿಸಬೇಕು, ಸ್ಕ್ಯಾನರ್ (ಇಸಿಯು ಜೊತೆ ಮಾತಾಡುವ ಉಪಕರಣ) ಹಾಕಿ ನಿಂತಲ್ಲೇ ಫೋರ್ಸ್ಡ್ ರೀಜನ್, ಅಂದರೆ ಒತ್ತಾಯದ ರೀಜನ್, ಮುಗಿಸಬೇಕು, ಆಮೇಲೆ ಪೂರ್ತಿ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಅನೇಕ ಕಡೆ ಮೊದಲು ಹೊಸ ಆಯಿಲ್ ಹಾಕಿ ಆಮೇಲೆ ರೀಜನ್ ಮಾಡುತ್ತಾರೆ. ಆಗ ಹೊಸ ಆಯಿಲ್‌ಗೇ ಡೀಸೆಲ್ ಬೆರೆಯುತ್ತದೆ. ಹಾಕುವ ಆಯಿಲ್ 5ಡಬ್ಲ್ಯೂ-30 (ಇದು ದಪ್ಪದ ಗುರುತು ಅಷ್ಟೇ) ಅಂದರೆ ಸಾಲದು, ಡಬ್ಬಿಯ ಮೇಲೆ ಎಸಿಇಎ, ಅಂದರೆ ಯುರೋಪಿನ ಗುಣಮಟ್ಟದ, ಸಿ ದರ್ಜೆ, ಈ ಕಾರಿಗೆ ಸಿ3, ಇರಬೇಕು. ಮಾಮೂಲಿ ಆಯಿಲ್‌ನ ರಾಸಾಯನಿಕಗಳು ಉರಿದು ಬೂದಿಯಾಗಿ ಫಿಲ್ಟರಿನಲ್ಲಿ ಕೂರುತ್ತವೆ. ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಫೋರ್ಸ್ಡ್ ರೀಜನ್ ಮಾಡುವ ಜಾಗ ಬಯಲಾಗಿರಲಿ, ಅಡಿಯಲ್ಲಿ ತರಗೆಲೆ, ಒಣ ಹುಲ್ಲು ಇರಬಾರದು. ತೋಟದ ಶೆಡ್ಡಿನಲ್ಲಿ ಅಂತೂ ಬೇಡವೇ ಬೇಡ.

ಇಷ್ಟು ಮಾಡಿ ಹತ್ತು ದಿನಕ್ಕೆ ದೀಪ ಮತ್ತೆ ಹತ್ತಿತು. ಎಲ್ಲ ಡಿಪಿಎಫ್ ತೊಂದರೆಗೂ ಸಣ್ಣ ಓಡಾಟವೊಂದೇ ಕಾರಣ ಅಂತ ಕೈಚೆಲ್ಲುವುದು ಗ್ಯಾರೇಜುಗಳ ದೊಡ್ಡ ತಪ್ಪು. ಸ್ಕ್ಯಾನರಿನಲ್ಲಿ ಮಸಿ ತುಂಬಿದ ಕೋಡ್ ಪಿ2463ರ ಜೊತೆ ಪಿ2453 ಕೂಡ ಇತ್ತು, ಮೊದಲ ಸಲ ಅದನ್ನು ಓದಿ ಅಳಿಸಿಬಿಟ್ಟಿದ್ದರು. ಪಿ2453 ಹೇಳುವುದು ಬೇರೆಯದನ್ನೇ: ಫಿಲ್ಟರಿನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರಿನ ಲೆಕ್ಕ ನಂಬುವ ಹಾಗಿಲ್ಲ. ಸೆನ್ಸರಿಗೆ ಎರಡು ಸಣ್ಣ ರಬ್ಬರ್ ಪೈಪು ಬರುತ್ತವೆ. ಫಿಲ್ಟರಿನ ಮುಂಭಾಗದಿಂದ ಬರುವ ಪೈಪಿನ ಕೆಳಬದಿಯಲ್ಲಿ, ಕೈಗನ್ನಡಿ ಹಿಡಿದರೆ ಮಾತ್ರ ಕಾಣುವ ಜಾಗದಲ್ಲಿ, ಸಾಲಾಗಿ ನಾಲ್ಕು ಸಣ್ಣ ಕಚ್ಚು. ಇಲಿ ಕಡಿದದ್ದು. ಒಂದು ಕಚ್ಚು ಆರಪಾರ ಹೋಗಿ, ಅದರ ಸುತ್ತ ಮಸಿಯ ಕಪ್ಪು ಉಂಗುರ ಕಟ್ಟಿತ್ತು. ಅಲ್ಲಿ ಒತ್ತಡ ಸೋರಿದರೆ ಸೆನ್ಸರ್ ಕಡಿಮೆ ತೋರಿಸುತ್ತದೆ, ಇಸಿಯು ತನ್ನ ಅಂದಾಜಿಗೂ ಅದಕ್ಕೂ ತಾಳೆಯಾಗದೆ ರೀಜನ್ ನಿಲ್ಲಿಸುತ್ತದೆ, ಮಸಿ ತುಂಬುತ್ತದೆ. ಪೈಪಿನ ಬೆಲೆ 650 ರೂಪಾಯಿ. ಅದನ್ನು ಬದಲಿಸಿ ರೀಜನ್, ಆಯಿಲ್ ಎರಡನ್ನೂ ಮತ್ತೊಮ್ಮೆ ಮಾಡಿಸಬೇಕಾಯಿತು. ಇದನ್ನು ಮೊದಲೇ ನೋಡಿದ್ದರೆ ಒಂದು ರೀಜನ್ 1,800, ಒಂದು ಆಯಿಲ್ ಬದಲಾವಣೆ 5,400, ಒಟ್ಟು 7,200 ಉಳಿಯುತ್ತಿತ್ತು. ಫಿಲ್ಟರನ್ನೇ ಬದಲಿಸಿ ಅಂದವರೂ ಇದ್ದರು, ಅದು ಲಕ್ಷದ ಲೆಕ್ಕ.

ಇಲಿಗೆ ಪರಿಹಾರವಾಗಿ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವ ರೂಢಿ ನಮ್ಮ ಕಡೆ ಇದೆ. ಮಳೆಗಾಲದ ತೇವಕ್ಕೆ ಅದರ ಘಾಟು ಬೇಗ ಇಳಿದುಹೋಗುತ್ತದೆ, ಸೈಲೆನ್ಸರಿಗೆ ತಾಗುವ ಹಾಗೆ ಕಟ್ಟಿದರೆ ಬೆಂಕಿಯ ಭಯವೂ ಉಂಟು. ಕೆಲಸ ಮಾಡಿದ್ದು ಎರಡೇ: ಶೆಡ್ಡಿನಲ್ಲಿ ನಿಲ್ಲಿಸಿದ ರಾತ್ರಿ ಬಾನೆಟ್ ಎತ್ತಿ ಇಡುವುದು, ಮತ್ತು ಕಾರಿನ ಹತ್ತಿರ ಹಿಂಡಿ, ಭತ್ತ, ಕಾಫಿ ಚೀಲ ಇಡದಿರುವುದು.

ಎರಡನೆಯ ತೊಂದರೆ ನೀರು. ಆರಿದ್ರಾ ಮಳೆ ಹಿಡಿದ ಮೇಲೆ ಬೆಳಿಗ್ಗೆ ಗಾಜಿನ ಒಳಗೆ ಮಂಜು ಕಟ್ಟುವುದು, ಎ.ಸಿ. ಹಾಕಿದರೆ ಮುಗ್ಗಲು ವಾಸನೆ ಶುರುವಾಯಿತು. ಮ್ಯಾಟ್ ಮುಟ್ಟಿದರೆ ಒಣಗಿತ್ತು. ಕಾರ್ಪೆಟ್ಟಿನ ಮೇಲ್ಮೈ ನಂಬಬೇಡಿ, ಎಡಗಡೆ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಮುಷ್ಟಿ ಕಟ್ಟಿ ಒತ್ತಿ ಹಿಡಿಯಿರಿ. ಅಡಿಯ ಸ್ಪಂಜಿನಲ್ಲಿ ನೀರಿದ್ದರೆ ಪಿಚಕ್ ಅನ್ನುತ್ತದೆ. ಮೂಲ ಇರುವುದು ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಅಡಿ. ಅಲ್ಲಿ ಮಳೆನೀರು ಹರಿದುಹೋಗಲು ಎರಡೂ ಪಕ್ಕ ತೂತುಗಳಿರುತ್ತವೆ. ತೋಟದಲ್ಲಿ ಸಿಲ್ವರ್ ಓಕ್ ನೆರಳಿಗೆ ನಿಲ್ಲಿಸುವ ಕಾರುಗಳಲ್ಲಿ ಅದರ ಸೀಳೆಲೆ ಒಳಗೆ ಜಾರಿ, ಕೊಳೆತು, ಗೊಬ್ಬರದ ಹಾಗೆ ತೂತು ಮುಚ್ಚುತ್ತದೆ. ಈ ಕಾರಿನಲ್ಲಿ ಎರಡು ಹಿಡಿ ತುಂಬ ತೆಗೆದದ್ದಾಯಿತು. ನೀರು ಏರಿ ಎ.ಸಿ. ಗಾಳಿಯ ಬಾಯಿಂದ ಒಳಗೆ ಇಳಿದಿತ್ತು. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಮೂರು ದಿನ ಒಣಗಿಸಬೇಕಾಯಿತು. ಸೀಟಿನಡಿಯ ಒಂದು ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿಯಲು ಶುರುವಾಗಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಏರ್‌ಬ್ಯಾಗ್ ದೀಪ ಹತ್ತುತ್ತಿತ್ತು, ಕಾರಣ ಹುಡುಕಲು ವಾರ ಬೇಕಾಗುತ್ತಿತ್ತು. ಕಿಲುಬು ತೊಳೆಯುವುದೂ ಸೇರಿ ಖರ್ಚು 3,500. ಈಗ ಮೇ ಕೊನೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಲೆ ತೆಗೆದು ಒಂದು ಚೊಂಬು ನೀರು ಹೊಯ್ದು ನೋಡುವುದು ರೂಢಿ. ಎರಡೂ ಚಕ್ರದ ಹಿಂದೆ ನೀರು ಧಾರೆಯಾಗಿ ಬಿದ್ದರೆ ಸರಿ.

ಮೂರನೆಯದು ಬ್ರೇಕು, ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಕಾರು ತುಸು ಬಲಕ್ಕೆ ಎಳೆಯುತ್ತಿತ್ತು. ಬಲಗಡೆ ಮುಂದಿನ ಚಕ್ರ ಬಿಚ್ಚಿದರೆ ಒಳಗಿನ ಪ್ಯಾಡ್ 3 ಮಿ.ಮೀ., ಹೊರಗಿನದು 8 ಮಿ.ಮೀ. ಎರಡೂ ಸಮ ಸವೆಯಬೇಕು. ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿ) ಜಾರುವ ಪಿನ್ನಿನ ರಬ್ಬರ್ ಟೊಪ್ಪಿ ಹರಿದು, ಕೆಮ್ಮಣ್ಣಿನ ಕೆಸರು ಹೊಕ್ಕು, ಪಿನ್ ಹಿಡಿದುಕೊಂಡಿತ್ತು. ಪಿನ್ ಜಾರದಿದ್ದರೆ ಒಳಗಿನ ಪ್ಯಾಡೊಂದೇ ಡಿಸ್ಕನ್ನು ಉಜ್ಜುತ್ತಿರುತ್ತದೆ. ಪಿನ್ ತೆಗೆದು ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಸವರಿ, ಹೊಸ ಟೊಪ್ಪಿ ಹಾಕಬೇಕು. ಮಾಮೂಲಿ ಚಾಸಿಸ್ ಗ್ರೀಸ್ ಹಾಕಿದರೆ ರಬ್ಬರ್ ಊದಿ ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್ ಎರಡೂ ಬದಿಗೆ ಒಟ್ಟಿಗೇ ಬದಲಿಸಬೇಕು. ಎಲ್ಲ ಸೇರಿ 4,600. ಮನೆಯಲ್ಲೇ ಪರೀಕ್ಷಿಸಲು, ಹೆಚ್ಚು ಬ್ರೇಕ್ ಹಿಡಿಯದೆ 20 ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ. ಒಂದು ಮಾತ್ರ ಝಳ ಹೊಡೆದರೆ ಅಲ್ಲೇ ಹಿಡಿದಿದೆ. ಮುಟ್ಟಬೇಡಿ, ಸುಡುತ್ತದೆ.

ಕ್ಲಚ್ ಚೆನ್ನಾಗಿದೆ. ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಮುಂದೆ ಓಡಿ ವೇಗ ಹಿಂದುಳಿದರೆ ಕ್ಲಚ್ ಜಾರುತ್ತಿದೆ ಎಂದರ್ಥ, ಇಲ್ಲಿ ಹಾಗಾಗಲಿಲ್ಲ. ಬ್ಯಾಟರಿ ರಾತ್ರಿ ನಿಂತ ಮೇಲೆ 12.5 ವೋಲ್ಟ್, ಸಾಕು.

ವಾರಂಟಿಯ ಕಥೆ ಬೇರೆ. ಕಂಪನಿ ವಾರಂಟಿ ಇನ್ನೂ ಇತ್ತು, ಮಾಲೀಕರು ಬದಲಾದರೂ ಅದು ಕಾರಿನ ಜೊತೆ ಬರುತ್ತದೆ. ಆದರೆ ಆರು ತಿಂಗಳ ಸರ್ವಿಸ್ ತಪ್ಪಿತ್ತು. ಕಿ.ಮೀ. ಆಗಿಲ್ಲ ಅಂತ ಮೊದಲಿನವರು ಬಿಟ್ಟಿದ್ದರು. ಪುಸ್ತಕದಲ್ಲಿರುವುದು ತಿಂಗಳು ಅಥವಾ ಕಿ.ಮೀ., ಯಾವುದು ಮೊದಲೋ ಅದು. ಆ ಒಂದು ಖಾಲಿ ಜಾಗ ತೋರಿಸಿ ಡಿಪಿಎಫ್ ಕೆಲಸವನ್ನು ವಾರಂಟಿಗೆ ಸೇರಿಸಲಿಲ್ಲ, ಇಲಿ ಕಡಿತ ಹೇಗೂ ಸೇರುವುದಿಲ್ಲ. ಹಾಗಾಗಿ ಮಾರುವವರ ಕೈಯ ಪುಸ್ತಕ ಸಾಲದು, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟು ಪೂರ್ತಿ ದಾಖಲೆ ಕೇಳಿ, ದಿನಾಂಕಗಳನ್ನು ಓದಿ. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಮಾರಿದವರದ್ದು, ಕಾರಿನದ್ದಲ್ಲ, ಆ ವ್ಯತ್ಯಾಸದ ಹಣ ನೀವೇ ಕಟ್ಟಬೇಕಾಗುತ್ತದೆ. ಡೀಲರಿಂದ ಕೊಂಡಿದ್ದು, ಮುಚ್ಚಿಟ್ಟ ದೋಷ ಅಂತ ದಾಖಲೆ ಇದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇದೆ. ಸ್ಕ್ಯಾನ್ ವರದಿ, ಜಾಬ್ ಕಾರ್ಡ್, ಡಿಪ್‌ಸ್ಟಿಕ್‌ನ ಫೋಟೋ ಇಲ್ಲದೆ ಹೋದರೆ ಮಾತು ನಿಲ್ಲುವುದಿಲ್ಲ.

ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ಸ್ಟೀರಿಂಗ್ ಕೆಳಗಿನ ಓಬಿಡಿ (ದೋಷದ ಕೋಡ್ ಓದುವ) ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಹಾಕಿದಾಗ ಕೋಡ್ ಇಲ್ಲ ಅಂತ ಬಂದರೆ ಸಮಾಧಾನಪಡಬೇಡಿ. "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅನ್ನುವ ಸಾಲು ಹುಡುಕಿ. 9,000 ಓಡಿದ ಕಾರಿನಲ್ಲಿ ಅದು 12 ಕಿ.ಮೀ. ತೋರಿಸಿದರೆ, ನಿಮಗೆ ತೋರಿಸುವ ದಿನವೇ ಯಾರೋ ದೀಪ ಆರಿಸಿದ್ದಾರೆ.

ಒಟ್ಟು ಖರ್ಚು 23,150 ರೂಪಾಯಿ, ಎಲ್ಲವೂ ಮೊದಲ ಐದು ತಿಂಗಳಲ್ಲಿ. ಆಮೇಲಿನ 13 ತಿಂಗಳಲ್ಲಿ ಮಾಮೂಲಿ ಸರ್ವಿಸ್ ಬಿಟ್ಟು ಬೇರೆ ಖರ್ಚಿಲ್ಲ. ವಾರಕ್ಕೊಮ್ಮೆ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದ ತನಕ, ನಾಲ್ಕನೇ ಗೇರಿನಲ್ಲಿ, ಆರ್‌ಪಿಎಂ 2,000ಕ್ಕಿಂತ ಮೇಲಿಟ್ಟು 25 ನಿಮಿಷ ಓಡಿಸುವುದು ನಡೆದಿದೆ. ಮೂಡಿಗೆರೆ ಕಡೆಯ ತಿರುವುಗಳಲ್ಲಿ ಹೀಗೆ ಒಂದೇ ಸಮ ಓಡಿಸಲು ಆಗುವುದಿಲ್ಲ. ಹಾಸನದವರಿಗೆ ಚನ್ನರಾಯಪಟ್ಟಣದ ಹೆದ್ದಾರಿ ಇದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ, ರಿಸರ್ವ್‌ಗೆ ಬಂದರೆ ಅನೇಕ ಕಾರುಗಳು ರೀಜನ್ ಶುರು ಮಾಡುವುದೇ ಇಲ್ಲ. ನಿಲ್ಲಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ನಿಂತಲ್ಲಿ ಆರ್‌ಪಿಎಂ ಏರಿದ್ದರೆ, ಸುಡುವ ವಾಸನೆ ಬಂದರೆ ರೀಜನ್ ನಡೆಯುತ್ತಿದೆ. ಮನೆ ಮುಟ್ಟಿದ್ದರೂ ಇನ್ನೊಂದು ಸುತ್ತು ಹೋಗಿಬನ್ನಿ. ಈಗ ಎರಡನೇ ಟ್ರಿಪ್‌ನಲ್ಲಿ ಸರಾಸರಿ ವೇಗ 31. ಡಿಪ್‌ಸ್ಟಿಕ್ ಎರಡು ಗೆರೆಗಳ ನಡುವೆ ನಿಂತಿದೆ.