ಕಿವಿಯಲ್ಲೇ ಉಳಿದ ರಬ್ಬರ್: ಇಯರ್‌ಫೋನಿನ ಟಿಪ್ ಕೊಳ್ಳುವವರಿಗೊಂದು ಎಚ್ಚರಿಕೆ

ಇಯರ್‌ಫೋನಿನ ತುದಿಗೆ ಹಾಕುವ ಸಿಲಿಕೋನ್ ಟಿಪ್, ಅಂದರೆ ಅಂಗಡಿಯಲ್ಲಿ ನಾವು ‘ರಬ್ಬರ್’ ಎಂದು ಕೇಳಿ ಪಡೆಯುವ ಪುಟ್ಟ ಛತ್ರಿಯಂಥ ವಸ್ತು, ಎರಡು ದಿನ ನನ್ನ ಬಲಗಿವಿಯೊಳಗೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಸಲು ತಗುಲಿದ ಖರ್ಚು ಇಯರ್‌ಫೋನಿನ ಬೆಲೆಗಿಂತ ತುಸುವೇ ಕಡಿಮೆ. ಇದರಲ್ಲಿ ಮಾರಿದವರ ತಪ್ಪೂ ಇದೆ, ನನ್ನ ತಪ್ಪೂ ಇದೆ. ಎರಡನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಒಂದು ವರ್ಷ ಬಳಸಿದ ಮೇಲೆ ಇಯರ್‌ಫೋನಿನೊಂದಿಗೆ ಬಂದಿದ್ದ ಟಿಪ್‌ಗಳಲ್ಲಿ ಒಂದು ಬುಡದಲ್ಲಿ ಸೀಳಿತು. ಕಂಪನಿಯವರು ಟಿಪ್ಪನ್ನು ಬಿಡಿಯಾಗಿ ಮಾರುತ್ತಿರಲಿಲ್ಲವಾದ್ದರಿಂದ, ಆನ್‌ಲೈನಿನಲ್ಲಿ ಹುಡುಕಿ, ‘ಎಲ್ಲ ಇಯರ್‌ಫೋನ್‌ಗಳಿಗೂ ಹೊಂದುತ್ತದೆ’ ಎಂದು ಬರೆದಿದ್ದ ಆರು ಜೊತೆಯ ಪೊಟ್ಟಣವನ್ನು 149 ರೂಪಾಯಿಗೆ ತರಿಸಿಕೊಂಡೆ. ಸಣ್ಣದು, ಮಧ್ಯಮ, ದೊಡ್ಡದು ಎಂಬ ಮೂರು ಅಳತೆಗಳನ್ನು ಬಿಟ್ಟರೆ ಅದರ ಮೇಲೆ ಬೇರೆ ಯಾವ ವಿವರವೂ ಇರಲಿಲ್ಲ, ಇರಬೇಕೆಂದು ನನಗೂ ತೋಚಲಿಲ್ಲ. ಅದುವರೆಗೆ ಮಧ್ಯಮ ಅಳತೆಯದನ್ನೇ ಬಳಸುತ್ತಿದ್ದವನು, ಬಿಗಿಯಾಗಿ ಕೂತಷ್ಟೂ ಬೇಸ್ ಚೆನ್ನಾಗಿ ಕೇಳಿಸುತ್ತದೆ ಎಂದು ಎಲ್ಲೋ ಓದಿದ್ದನ್ನು ನೆನೆದು ದೊಡ್ಡದನ್ನು ಹಾಕಿಕೊಂಡೆ. ಟಿಪ್ಪಿಗೂ ಕಿವಿಗೂ ನಡುವೆ ಸಂದು ಉಳಿದರೆ ಮೊದಲು ಸೋರಿಹೋಗುವುದು ತಗ್ಗು ಸ್ವರಗಳೇ ಆದ್ದರಿಂದ ಆ ಮಾತು ಸುಳ್ಳಲ್ಲ. ಮೃದಂಗದ ಎಡಭಾಗದ ನಾದ ಎಂದಿಗಿಂತ ತುಂಬಿ ಕೇಳಿಸಿದಾಗ ನನ್ನ ಆಯ್ಕೆಯ ಬಗ್ಗೆ ನನಗೇ ಹೆಮ್ಮೆಯೆನಿಸಿತ್ತು.

ನಾಲ್ಕನೆಯ ದಿನ ಸಂಜೆ, ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ನೂಕುನುಗ್ಗಲಿನಲ್ಲಿ ಯಾರೋ ಏನೋ ಕೇಳಿದರೆಂದು ಇಯರ್‌ಫೋನನ್ನು ಅವಸರದಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ ಬಲಗಡೆಯದರಲ್ಲಿ ಟಿಪ್ ಇರಲಿಲ್ಲ. ದಾರಿಯಲ್ಲಿ ಬಿದ್ದಿರಬೇಕು, ಹೇಗಿದ್ದರೂ ಇನ್ನೂ ಇವೆಯಲ್ಲ ಎಂದುಕೊಂಡು ಪೊಟ್ಟಣದಿಂದ ಇನ್ನೊಂದನ್ನು ತೆಗೆದು ಹಾಕಿ, ಕಿವಿಗೆ ಒತ್ತಿಕೊಂಡು ಮಲಗಿದೆ. ಈಗ ಲೆಕ್ಕ ಹಾಕಿದರೆ, ಹೊರಬಾಗಿಲಲ್ಲಿದ್ದ ಮೊದಲ ಟಿಪ್ಪನ್ನು ನಾನೇ ಕೈಯಾರೆ ಒಳಮನೆಗೆ ತಳ್ಳಿದ ಗಳಿಗೆ ಅದು.

ಮರುದಿನ ಬಲಗಿವಿಗೆ ಹತ್ತಿ ತುರುಕಿದ ಹಾಗಿತ್ತು. ನನ್ನ ಮಾತು ನನಗೇ ತಲೆಯೊಳಗೆ ಮೊಳಗುತ್ತಿತ್ತು, ಚಪಾತಿ ಅಗಿದರೆ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಗುಗ್ಗೆ ಕಟ್ಟಿದೆ ಎಂದು ತೀರ್ಮಾನಿಸಿದ ಅಮ್ಮ, “ಬೆಚ್ಚಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಕೊಳ್ಳೋ, ತಾನೇ ಮೇಲೆ ಬರತ್ತೆ” ಎಂದರು. ಎಣ್ಣೆ ಬಿಡಲಿಲ್ಲ; ಅದು ವಿವೇಕದಿಂದಲ್ಲ, ದಿಂಬು ಜಿಡ್ಡಾಗುತ್ತದೆ ಎಂಬ ಸೋಮಾರಿತನದಿಂದ. ಎರಡನೆಯ ದಿನ ನೋವು ಶುರುವಾದಾಗ ಹೆಂಡತಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, “ರೀ, ಒಳಗೆ ಏನೋ ಕಪ್ಪಗೆ ಕಾಣ್ತಿದೆ” ಎಂದಳು. ಚಿಮಟ ಹುಡುಕಲು ಎದ್ದವನನ್ನು ಅವಳೇ ತಡೆದು ಇಎನ್‌ಟಿ ವೈದ್ಯರ ಬಳಿಗೆ ಕರೆದೊಯ್ದಳು.

ವೈದ್ಯರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಮೊಸಳೆಯ ಬಾಯಿಯಂತೆ ತುದಿಯಲ್ಲಷ್ಟೇ ತೆರೆದುಕೊಳ್ಳುವ ತೆಳ್ಳನೆಯ ಇಕ್ಕಳವನ್ನು ಒಳಗಿಳಿಸಿದರು. ಅದು ನಾಳದ ಗೋಡೆಗೆ ತಾಗಿದೊಡನೆ ನನಗೆ ಒತ್ತರಿಸಿ ಕೆಮ್ಮು ಬಂತು. ಗಂಟಲಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿಯ ನಾಳಕ್ಕೂ ಬರುತ್ತದಂತೆ. ಕೆಮ್ಮಿದಾಗ ತಲೆ ಅಲುಗುವುದರಿಂದಲೇ ಮನೆಯಲ್ಲಿ ಪಿನ್ನು, ಚಿಮಟ ಹಾಕಿಕೊಳ್ಳುವವರು ಕಿವಿಯ ತಮಟೆಗೆ ಗಾಯ ಮಾಡಿಕೊಳ್ಳುತ್ತಾರೆ ಎಂದರು. ದೊಡ್ಡವರಲ್ಲೂ ಆ ನಾಳದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ, ಅದೂ ನೆಟ್ಟಗಿಲ್ಲದೆ ಬಾಗಿರುತ್ತದೆ. ಎರಡನೆಯ ಪ್ರಯತ್ನದಲ್ಲಿ ಟಿಪ್ ಹೊರಬಂತು. ಸ್ಟೀಲ್ ತಟ್ಟೆಯಲ್ಲಿ ಗುಗ್ಗೆ ಮೆತ್ತಿಕೊಂಡು ಬಿದ್ದಿದ್ದ ಅದನ್ನು ನೋಡಿದಾಗ, ಇಷ್ಟು ದೊಡ್ಡದು ಒಳಗಿದ್ದೂ ನನಗೆ ಹೇಗೆ ಗೊತ್ತಾಗಲಿಲ್ಲ ಎಂದು ಬೆರಗಾಯಿತು.

ಕಾರಣ ತಿಳಿಯದೆ ಸಮಾಧಾನವಾಗಲಿಲ್ಲ. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಗೆಳೆಯನ ವರ್ನಿಯರ್‌ನಿಂದ ಅಳೆದು ನೋಡಿದೆವು. ಟಿಪ್ ಕೂರುವ ನಾಜಲ್ 4 ಮಿಲಿಮೀಟರ್ ದಪ್ಪವಿತ್ತು. ಕಂಪನಿಯ ಹಳೆಯ ಟಿಪ್ಪಿನ ಒಳತೂತು ಅದಕ್ಕಿಂತ ತುಸು ಕಿರಿದಾಗಿದ್ದು, ಹಿಗ್ಗಿ ಕಚ್ಚಿಕೊಳ್ಳುತ್ತಿತ್ತು. ಹೊಸದರ ತೂತು ಹೆಚ್ಚುಕಡಿಮೆ 5 ಮಿಲಿಮೀಟರ್. ಇಯರ್‌ಫೋನನ್ನು ಕೀಳುವಾಗ ನಡೆಯುವುದು ಒಂದು ಹಗ್ಗಜಗ್ಗಾಟ: ಹೊರಗಿನ ಛತ್ರಿಯನ್ನು ಕಿವಿ ಹಿಡಿದಿರುತ್ತದೆ, ಒಳಗಿನ ಕೊಳವೆಯನ್ನು ನಾಜಲ್ ಹಿಡಿದಿರುತ್ತದೆ, ಯಾರ ಹಿಡಿತ ಬಲವೋ ಟಿಪ್ ಅವರ ಪಾಲು. ನಾನು ದೊಡ್ಡ ಅಳತೆ ಆರಿಸಿ ಕಿವಿಯ ಹಿಡಿತವನ್ನು ಹೆಚ್ಚಿಸಿದೆ, ಸಡಿಲ ತೂತಿನದನ್ನು ಕೊಂಡು ನಾಜಲ್ಲಿನ ಹಿಡಿತವನ್ನು ಕಳೆದೆ. ಸಣ್ಣ, ಮಧ್ಯಮ, ದೊಡ್ಡ ಎಂಬುದು ಛತ್ರಿಯ ಅಳತೆ ಮಾತ್ರ. ಪೊಟ್ಟಣದ ಮೇಲೆ ಒಳತೂತಿನ ಅಳತೆ ಬರೆಯದಿದ್ದರೆ ಅದು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.

‘ಎಲ್ಲಕ್ಕೂ ಹೊಂದುವ’ ಟಿಪ್ ಎಂಬುದು ಇರಲು ಸಾಧ್ಯವೇ ಇಲ್ಲ. ಶೂರ್, ಎಟಿಮೋಟಿಕ್ ಕಂಪನಿಗಳ ಇಯರ್‌ಫೋನ್‌ಗಳ ನಾಜಲ್ ಸುಮಾರು 3 ಮಿಲಿಮೀಟರ್‌ನಷ್ಟು ಸಪೂರ. ಸಾಮಾನ್ಯ ಇಯರ್‌ಫೋನ್‌ಗಳಲ್ಲಿ ಅದು 4ರಿಂದ 6ರವರೆಗೂ ಇರುತ್ತದೆ. ಏರ್‌ಪಾಡ್ಸ್ ಪ್ರೊದಲ್ಲಂತೂ ಟಿಪ್ಪಿನ ಬುಡವೇ ಬೇರೆ, ಒತ್ತಿದರೆ ಕ್ಲಿಪ್ಪಿನಂತೆ ಕೂರುವಂಥದ್ದು. ನಾಜಲ್ಲಿನ ತುದಿಯಲ್ಲಿ ಉಬ್ಬಿದ ಅಂಚು ಇಲ್ಲದಿದ್ದರೆ ಇನ್ನಷ್ಟು ಎಚ್ಚರ ಬೇಕು. ಫೋಮ್ ಟಿಪ್ ಕಿವಿಯೊಳಗೆ ಹಿಗ್ಗಿ ಕೂರುವುದರಿಂದ, ಅದರ ತೂತು ಸಡಿಲವಿದ್ದರೆ ಒಳಗೆ ಉಳಿಯುವ ಸಂಭವ ಹೆಚ್ಚೇ.

ಮುನ್ಸೂಚನೆ ನನಗೂ ಸಿಕ್ಕಿತ್ತು, ನಾನು ಗಮನಿಸಲಿಲ್ಲ. ಹೊಸ ಟಿಪ್ ಬೆರಳಿನಿಂದ ತಿರುಗಿಸಿದರೆ ಚಕ್ರದಂತೆ ಸಲೀಸಾಗಿ ತಿರುಗುತ್ತಿತ್ತು. ಒಮ್ಮೆ ಜೇಬಿನಲ್ಲೇ ಕಳಚಿಯೂ ಇತ್ತು. ಈಗ ಹೊಸ ಟಿಪ್ ಹಾಕಿದರೆ ಕಿವಿಗಿಡುವ ಮೊದಲು ಛತ್ರಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹತ್ತು ಸಲ ಎಳೆದು ನೋಡುತ್ತೇನೆ, ಒಂದು ಸಲ ಜಾರಿದರೂ ಕಸದಬುಟ್ಟಿಗೆ ಹಾಕುತ್ತೇನೆ. ಕೀಳುವಾಗ ಜಗ್ಗದೆ, ಮೆಲ್ಲಗೆ ತಿರುಚಿ ಗಾಳಿಯಾಡಿಸಿ ತೆಗೆಯುತ್ತೇನೆ. ತೆಗೆದ ಮೇಲೆ ಎರಡೂ ಕಡೆ ಟಿಪ್ ಇದೆಯೇ ಎಂದು ನೋಡದೆ ಜೇಬಿಗೆ ಹಾಕುವುದಿಲ್ಲ. ಕಾಣದಿದ್ದರೆ ನೆಲದ ಮೇಲೆ ಹುಡುಕುವ ಮೊದಲು ಕಿವಿಯನ್ನು ಯಾರಿಂದಲಾದರೂ ನೋಡಿಸುವುದು ಒಳ್ಳೆಯದು.

ಇಷ್ಟೆಲ್ಲ ಆದ ಮೇಲೆ ಮಾರಾಟಗಾರರಿಗೆ ಫೋಟೋ ಸಮೇತ ದೂರು ಕಳುಹಿಸಿದೆ. ಪೊಟ್ಟಣವನ್ನು ಪೂರ್ತಿಯಾಗಿ ಹಿಂದಿರುಗಿಸಿದರೆ ಹಣ ಕೊಡುವುದಾಗಿ ಉತ್ತರ ಬಂತು. ಕಳುಹಿಸಿದೆ. ಹನ್ನೆರಡು ಟಿಪ್‌ಗಳಲ್ಲಿ ಒಂದು ಕಡಿಮೆಯಿದೆ ಎಂಬ ಕಾರಣ ನೀಡಿ ವಾಪಸು ಮಾಡಿದರು.