ಹೊರದೇಶದ ಓದಿನಲ್ಲಿ ನಾನಿದ್ದ ಮೂರು ಮನೆ

ಹೊರದೇಶಕ್ಕೆ ಓದಲು ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಒಂದೇ ಮಾತು: "ಎಲ್ಲಿ ಉಳ್ಕೊಂಡ್ರೆ ಒಳ್ಳೇದು?" ಎರಡು ವರ್ಷದ ಕೋರ್ಸಿನಲ್ಲಿ ನಾನು ಮೂರು ಕಡೆ ಇದ್ದೆ. ಮೊದಲ ಐದು ತಿಂಗಳು ವಿಶ್ವವಿದ್ಯಾಲಯದ ಹಾಸ್ಟೆಲ್. ಆಮೇಲೆ ಏಳು ತಿಂಗಳು ನಮ್ಮ ಭಾಷೆಯವರೇ ನಾಲ್ಕು ಜನ ಸೇರಿ ಹಿಡಿದ ಮನೆ. ಕೊನೆಯ ವರ್ಷ ಆ ದೇಶದವರೇ ಆದ ಇಬ್ಬರು ಹುಡುಗರ ಜೊತೆ. ಬಾಡಿಗೆ, ಬಸ್ಸಿನ ದೂರ, ಕೋಣೆಯ ಅಳತೆ ಇವನ್ನೆಲ್ಲ ಹೋಲಿಸುವುದು ಕಷ್ಟವಲ್ಲ, ಹೋಗುವ ಮೊದಲೇ ಕೂತು ಮಾಡಬಹುದು. ಅಲ್ಲಿದ್ದಾಗ ಲೆಕ್ಕಕ್ಕೆ ಬಂದಿದ್ದು ಬೇರೆಯೇ. ರಾತ್ರಿ ವಾಪಸ್ ಬಂದಾಗ ಆ ಮನೆಯಲ್ಲಿ ಯಾವ ಪ್ರಶ್ನೆ ಕೇಳಬಹುದಿತ್ತು, ಯಾವುದನ್ನು ನುಂಗಿಕೊಳ್ಳಬೇಕಿತ್ತು ಅನ್ನೋದು.

ಹಾಸ್ಟೆಲ್‌ನಲ್ಲಿ ಪೆದ್ದು ಪ್ರಶ್ನೆಗೆ ಬರವೇ ಇರಲಿಲ್ಲ. ಹನ್ನೆರಡು ಕೋಣೆ, ಒಂದು ಅಡುಗೆಮನೆ. ಹೆಚ್ಚುಕಮ್ಮಿ ಎಲ್ಲರೂ ಬೇರೆ ಬೇರೆ ದೇಶದಿಂದ ಆ ತಿಂಗಳೇ ಬಂದು ಇಳಿದವರು. ಮೊದಲ ಶನಿವಾರ ಬಟ್ಟೆ ಒಗೆಯುವ ಮಷೀನ್ ಮುಂದೆ ಮೂರು ದೇಶದ ಮೂವರು ನಿಂತಿದ್ದೆವು. ಒಬ್ಬೊಬ್ಬರೂ ಫೋನ್ ಹಿಡಿದು ಒಂದೊಂದು ಬಟನ್ ಅನುವಾದ ಮಾಡುತ್ತಿದ್ದೆವು. ಕೊನೆಗೆ ಒತ್ತಿದ್ದು ತಪ್ಪು ಬಟನ್. ಎರಡು ಗಂಟೆ ಬಾಗಿಲು ತೆರೆಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಹರಟಿದೆವು.

ಇನ್ನೊಂದು ರಾತ್ರಿ ನಾನು ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟು, ಫೋನ್ ಬಂತೆಂದು ಹೊರಗೆ ಹೋದೆ. ಐದೇ ನಿಮಿಷ. ಹೊಗೆಗೆ ಅಲಾರಂ ಹೊಡೆದುಕೊಳ್ಳಲು ಶುರುವಾಯಿತು, ಇಡೀ ಕಟ್ಟಡ ಖಾಲಿ. ಚಳಿಯಲ್ಲಿ ಒಬ್ಬ ಕಂಬಳಿ ಹೊದ್ದು, ಒಬ್ಬಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಇನ್ನೊಬ್ಬ ಬರಿಗಾಲಲ್ಲಿ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮಾರನೇ ದಿನ ಮಾತ್ರ ಅಲ್ಲಿಯವರೆಗೆ ತಲೆ ಎತ್ತಿ ನೋಡದವರೂ "ಓ, ನೀನೇ ಅಲ್ವಾ ಅದು!" ಎಂದು ನಿಲ್ಲಿಸಿ ಮಾತಾಡಿಸಿದರು. ನನ್ನ ಮೊದಲ ಗೆಳೆತನ ಶುರುವಾಗಿದ್ದು ಹೀಗೆ. (ಎಣ್ಣೆ ಇಟ್ಟು ಹೋಗಿ ಅಂತ ನಾನು ಹೇಳುತ್ತಿಲ್ಲ.)

ಕೊರತೆಯೂ ಅಲ್ಲೇ ಇತ್ತು. ಎಲ್ಲರದ್ದೂ ಹರುಕು ಮುರುಕು ಭಾಷೆ. ನಾನು ತಪ್ಪು ಮಾತಾಡಿದರೂ ಅವರಿಗೆ ಅರ್ಥವಾಗುತ್ತಿತ್ತು, ಅವರ ತಪ್ಪು ನನಗೆ. ತಿದ್ದುವವರಿಲ್ಲದೆ ನನ್ನ ತಪ್ಪುಗಳು ಗಟ್ಟಿಯಾಗಿ ಕೂತವು. ಅದಲ್ಲದೆ ಅರ್ಧ ಜನ ಒಂದೇ ಸೆಮಿಸ್ಟರಿಗೆ ಬಂದವರು. ಸಲಿಗೆ ಬೆಳೆಯುವ ಹೊತ್ತಿಗೆ ಸೂಟ್‌ಕೇಸ್ ಹಿಡಿದು ಕಾರಿಡಾರ್‌ನಲ್ಲಿ ನಿಂತಿದ್ದರು.

ಅವರು ಹೋದ ಮೇಲೆ ಆ ಅಡುಗೆಮನೆಗೆ ಕಾಲಿಡಲು ಮನಸ್ಸಾಗಲಿಲ್ಲ. ಅದೇ ಹೊತ್ತಿಗೆ ನಮ್ಮವರ ಮನೆಯಲ್ಲಿ ಒಂದು ಜಾಗ ಖಾಲಿ ಇದೆ ಎಂದು ಗೊತ್ತಾಯಿತು. ಎರಡನೇ ಯೋಚನೆ ಮಾಡಲಿಲ್ಲ. ಬಾಗಿಲು ತೆರೆದ ಕೂಡಲೇ ಕನ್ನಡ ಕಿವಿಗೆ ಬಿತ್ತು. ಐದು ತಿಂಗಳು ಬಿಗಿಹಿಡಿದಿದ್ದ ಹೆಗಲು ಅವತ್ತು ಸಡಿಲವಾಯಿತು, ಸುಳ್ಳಲ್ಲ.

ಆ ಮನೆಯಲ್ಲಿ ಏನು ಬೇಕಾದರೂ ಕೇಳಬಹುದಿತ್ತು, ಉತ್ತರವೂ ತಕ್ಷಣ ಸಿಗುತ್ತಿತ್ತು. ಉತ್ತರ ಸರಿ ಇರಬೇಕು ಅಂತೇನಿರಲಿಲ್ಲ. ವೀಸಾ ಮುಂದುವರಿಸಲು ಯಾವಾಗ ಅರ್ಜಿ ಹಾಕಬೇಕು ಎಂದು ಕೇಳಿದೆ. "ಮುಗಿಯೋ ಹಿಂದಿನ ವಾರ ಹಾಕಿದ್ರೆ ಸಾಕು, ಟೆನ್ಶನ್ ಬೇಡ" ಎಂದರು ಮೂವರೂ. ಮೂರು ಜನ ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಯಾವುದಕ್ಕೂ ಇರಲಿ ಎಂದು ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಇರುವ ಕಚೇರಿಗೆ ಹೋದರೆ, ಅಲ್ಲಿನ ಹೆಂಗಸು ಕ್ಯಾಲೆಂಡರ್ ನೋಡಿ ಹುಬ್ಬೇರಿಸಿದರು. ನಿಯಮ ಬದಲಾಗಿತ್ತು. ಮುಂಚೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕಿತ್ತು. ಕೂದಲೆಳೆಯಲ್ಲಿ ಪಾರಾದೆ. ವಿಚಾರಿಸಿ ನೋಡಿದರೆ ಮೂವರೂ ಅದನ್ನು ಕೇಳಿದ್ದು ಒಬ್ಬನೇ ಸೀನಿಯರ್‌ನಿಂದ. ಆತ ಓದು ಮುಗಿಸಿ ಹೋಗಿ ಎರಡು ವರ್ಷವಾಗಿತ್ತು. ಅವತ್ತಿನಿಂದ ವೀಸಾ, ಕೆಲಸದ ಗಂಟೆ, ವಿಮೆ ಈ ಮೂರು ವಿಷಯದಲ್ಲಿ ಮನೆಯವರ ಮಾತು ನಂಬುವುದು ಬಿಟ್ಟೆ. ಸರ್ಕಾರದ ವೆಬ್‌ಸೈಟ್, ಇಲ್ಲ ಆ ಕಚೇರಿ. ಅಷ್ಟೇ.

ಹಾಗೆಂದು ಆ ಮನೆಯನ್ನು ಬೈಯಲು ಬಾಯಿ ಬರುವುದಿಲ್ಲ. ಒಂದು ಸಲ ಜೋರು ಜ್ವರ ಬಂತು. "ಏನೂ ಬೇಡ, ಹೋಗ್ರೋ" ಎಂದೆ. "ಸುಮ್ನಿರು ಮಾರಾಯ" ಎಂದು ಒಬ್ಬ ಹಣೆ ಮುಟ್ಟಿ ನೋಡಿದ, ಇನ್ನೊಬ್ಬ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಮಾತ್ರೆ ತರಲು ಹೊರಟಿದ್ದ. ನನ್ನ 'ಬೇಡ'ಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ.

ವಿಚಿತ್ರ ಅಂದರೆ, ಎರಡು ವರ್ಷದಲ್ಲಿ ನನ್ನ ಅತಿ ಕೆಟ್ಟ ದಿನಗಳು ಬಂದಿದ್ದೂ ಈ ಸುಖದ ಮನೆಯಲ್ಲೇ, ಎಂಟನೇ ತಿಂಗಳಲ್ಲಿ. ತರಗತಿಯಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಅಲ್ಲಿನ ಭಾಷೆಯ ಒಂದು ಪದವೂ ಬಾಯಿಂದ ಹೊರಡದ ವಾರಗಳಿದ್ದವು. ಪ್ರೊಫೆಸರ್ ಏನೋ ಕೇಳಿದರೆ ಅರ್ಥವಾಗದೆಯೂ 'ಹೌದು ಹೌದು' ಎಂದು ತಲೆಯಾಡಿಸುತ್ತಿದ್ದೆ. ತಪ್ಪೆಲ್ಲ ಮನೆಯದ್ದೇ ಎಂದು ತೀರ್ಮಾನ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಎಂಟನೇ ತಿಂಗಳಿಗೂ ಅದರಲ್ಲಿ ಪಾಲಿದ್ದಿರಬಹುದು ಎಂದು. ಲೈಸ್ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಹೋಗಿಬಂದ ತನ್ನ ದೇಶದ 200 ಜನರನ್ನು ಮಾತಾಡಿಸಿ 1955ರಲ್ಲಿ ಬರೆದಿದ್ದ: ಆರು ತಿಂಗಳೊಳಗೆ ಇದ್ದವರು ಚೆನ್ನಾಗಿದ್ದರು, ಹದಿನೆಂಟು ತಿಂಗಳು ದಾಟಿದವರೂ ಚೆನ್ನಾಗಿದ್ದರು, ಹೊಂದಿಕೊಳ್ಳಲು ಒದ್ದಾಡಿದವರು ನಡುವಿನವರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ನ್ಯೂಜಿಲೆಂಡಿಗೆ ಹೋದ ಜಪಾನಿನ ವಿದ್ಯಾರ್ಥಿಗಳ ಬಗ್ಗೆ 1998ರಲ್ಲಿ ಬಂದ ಅಧ್ಯಯನದಲ್ಲಿ ಬಂದಿಳಿದ ಹೊಸತರಲ್ಲೇ ಸಂಕಟ ಜಾಸ್ತಿ ಇತ್ತು. ಹಾಗಾಗಿ ನನ್ನ ಹೋಲಿಕೆ ಪೂರ್ತಿ ನ್ಯಾಯವಾದದ್ದೇನಲ್ಲ. ಹಾಸ್ಟೆಲ್ಲಿಗೆ ನನ್ನ ಉತ್ಸಾಹದ ತಿಂಗಳು ಸಿಕ್ಕವು, ನಮ್ಮವರ ಮನೆಗೆ ಸುಸ್ತಿನ ತಿಂಗಳು.

ಮೂರನೇ ಮನೆ. ಇಲ್ಲಿ ಇಬ್ಬರೂ ಅದೇ ದೇಶದವರು, ಒಬ್ಬ ನನ್ನ ವಿಭಾಗದವನೇ. ಮೊದಲ ತಿಂಗಳು ಅವರ ಮಾತಿನ ವೇಗಕ್ಕೆ ಸಂಜೆಯೊಳಗೆ ತಲೆನೋವು ಬರುತ್ತಿತ್ತು. ಕೇಳಿ ಕೇಳಿಯೇ ದಣಿವು. ಆದರೆ ಬೇರೆ ಎರಡು ಮನೆಯಲ್ಲಿ ಯಾರ ಹತ್ತಿರವೂ ಕೇಳಲಾಗದ ಪ್ರಶ್ನೆಯನ್ನು ಇಲ್ಲಿ ಕೇಳಬಹುದಿತ್ತು: "ಇವರು ಹೀಗೆ ಹೇಳಿದ್ರಲ್ಲ, ಅದರ ಅರ್ಥ ಏನು?"

ಒಂದು ಉದಾಹರಣೆ ಹೇಳುತ್ತೇನೆ. ಪ್ರಬಂಧದ ಡ್ರಾಫ್ಟ್ ಮೇಲೆ ಗೈಡ್ ಬರೆದಿದ್ದರು: 'ಒಳ್ಳೆಯ ಪ್ರಯತ್ನ. ಎರಡನೇ ಭಾಗವನ್ನು ಇನ್ನೊಮ್ಮೆ ಯೋಚಿಸಬಹುದೇನೋ.' ನನಗೆ ಖುಷಿಯೋ ಖುಷಿ. ಎರಡು ವಾಕ್ಯ ತಿದ್ದಿ ಕಳಿಸುವುದರಲ್ಲಿದ್ದೆ. ಕಾಫಿ ಕಪ್ ಹಿಡಿದು ಹಿಂದೆ ನಿಂತಿದ್ದ ರೂಮ್‌ಮೇಟ್ ಓದಿ ನಕ್ಕುಬಿಟ್ಟ. "ಯೋಚಿಸಬಹುದೇನೋ ಅಂದ್ರೆ, ಕಿತ್ತು ಹಾಕು ಅಂತ." ಒಳ್ಳೆಯ ಪ್ರಯತ್ನ? "ಅದು ಎಲ್ಲರಿಗೂ ಬರೀತಾರೆ." ಹಳೆಯ ಡ್ರಾಫ್ಟ್‌ಗಳನ್ನು ತೆಗೆದು ನೋಡಿದೆ. ಇಡೀ ಮೊದಲ ವರ್ಷ ನನ್ನನ್ನು ನಯವಾಗಿ ಬೈದಿದ್ದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಓಡಾಡಿದ್ದೆ!

ಅದೇ ಮನೆಯಲ್ಲಿ ಮತ್ತೆ ಜ್ವರ ಬಂತು. ಬಾಗಿಲ ಆಚೆಯಿಂದ ಮೆಸೇಜ್: 'ಏನಾದರೂ ಬೇಕಾ?' ಅಭ್ಯಾಸಬಲದಿಂದ 'ಬೇಡ' ಎಂದು ಬರೆದೆ. ಸರಿ ಎಂದು ಸುಮ್ಮನಾದರು. ಸಂಜೆವರೆಗೆ ಕಾದೆ, ಯಾರೂ ಬರಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಅವರ ತಪ್ಪೇನಿರಲಿಲ್ಲ. ಬೇಡ ಎಂದರೆ ಬೇಡ ಎಂದೇ ತಿಳಿದವರು ಅವರು. ಮಾರನೇ ದಿನ 'ಮಾತ್ರೆ ಬೇಕು' ಎಂದು ಬರೆದ ಹತ್ತೇ ನಿಮಿಷಕ್ಕೆ ಮಾತ್ರೆ ಬಂತು. ವಾರದ ಕೊನೆ ಮಾತ್ರ ಈ ಮನೆಯಲ್ಲಿ ಕಷ್ಟ. ಇಬ್ಬರೂ ಊರಿಗೆ ಹೋಗಿಬಿಡುತ್ತಿದ್ದರು, ಭಾನುವಾರ ರಾತ್ರಿವರೆಗೆ ನಾನು ಮತ್ತು ಫ್ರಿಜ್ಜಿನ ಸದ್ದು.

ಬಾಡಿಗೆ ಕರಾರಿನ ಬಗ್ಗೆಯೂ ಒಂದು ಮಾತು. ಹಾಸ್ಟೆಲ್‌ನಲ್ಲಿ ನನ್ನ ಕೋಣೆಗೆ ನಾನು ಜವಾಬ್ದಾರ. ನಮ್ಮವರ ಮನೆಯಲ್ಲಿ ನಾಲ್ವರದ್ದೂ ಒಂದೇ ಕರಾರು. ಒಬ್ಬ ನಡುವೆ ಬಿಟ್ಟುಹೋದಾಗ ಅವನ ಪಾಲನ್ನು ಉಳಿದ ಮೂವರು ಎರಡು ತಿಂಗಳು ಕಟ್ಟಿದೆವು. ಗೆಳೆಯರಲ್ವಾ ಎಂದು ಓದದೆ ಸಹಿ ಹಾಕಿದ್ದಕ್ಕೆ ದಂಡ.

ಬೋಖ್ನರ್ ಎಂಬ ಮನಶ್ಶಾಸ್ತ್ರಜ್ಞ ಇನ್ನಿಬ್ಬರ ಜೊತೆ ಸೇರಿ 1977ರಲ್ಲಿ ವಿದೇಶಿ ವಿದ್ಯಾರ್ಥಿಗಳ ಗೆಳೆತನವನ್ನು ಹೀಗೇ ಮೂರು ಪಾಲು ಮಾಡಿದ್ದರು: ತಮ್ಮತನ ಉಳಿಸಿಕೊಳ್ಳಲು ನಮ್ಮವರು, ಓದು ಕೆಲಸದ ದಾರಿ ಸಾಗಿಸಲು ಅಲ್ಲಿಯವರು, ನಕ್ಕು ಹಗುರಾಗಲು ಬೇರೆ ದೇಶದಿಂದ ಬಂದ ನಮ್ಮಂಥವರೇ. ಮೊದಲೇ ಓದಿದ್ದರೆ ಮೂರನ್ನೂ ಒಂದೇ ಮನೆಯಲ್ಲಿ ಹುಡುಕುತ್ತಿರಲಿಲ್ಲವೇನೋ.

ಇನ್ನೊಮ್ಮೆ ಹೋಗುವುದಾದರೆ ಮೊದಲ ಸೆಮಿಸ್ಟರ್ ಹಾಸ್ಟೆಲ್ಲೇ. ಅಲ್ಲಿಂದ ನೇರವಾಗಿ ಅಲ್ಲಿಯವರ ಜೊತೆ, ಅದೂ ಡ್ರಾಫ್ಟ್ ಬರೆಯುವ ಕಾಲ ಬರುವ ಮೊದಲೇ. ನಮ್ಮವರ ಮನೆಗೆ ಶನಿವಾರ ಹೋಗಿ ಭಾನುವಾರ ವಾಪಸ್. ಜ್ವರ ಬಂದರೆ ಮಾತ್ರ ಯಾವ ವಾರವಾದರೂ ಸರಿ, ಹಾಸಿಗೆ ಸುತ್ತಿಕೊಂಡು ಅಲ್ಲಿಗೇ.