ಧರಣಿಗೆ ಶಾಮಿಯಾನ, ಮೈಕ್ ಸೆಟ್ ಬೇಕಂದ್ರೆ ದುರ್ಗದಲ್ಲಿ ಇವ್ರನ್ನ ಕೇಳಿ

ಮದುವೆ, ಗೃಹಪ್ರವೇಶಕ್ಕೆ ಶಾಮಿಯಾನ ಹಾಕೋರು ಚಿತ್ರದುರ್ಗದಲ್ಲಿ ಬೇಕಾದಷ್ಟು ಜನ ಇದಾರೆ, ಆದ್ರೆ ಧರಣಿಗೆ ಅಂದ ತಕ್ಷಣ ಹಿಂದೇಟು ಹಾಕೋರೇ ಜಾಸ್ತಿ, ಪೊಲೀಸ್ ತಕರಾರು, ದುಡ್ಡು ಬರುತ್ತೋ ಇಲ್ವೋ, ಯಾವತ್ತು ಎದ್ದೇಳ್ತೀರೋ ಗೊತ್ತಿಲ್ಲ ಅಂತ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗಾಗಿ ನಾವು ಧರಣಿ ಕೂತಾಗ ಎರಡು ಮಾತಾಡದೆ ಹಾಕಿಕೊಟ್ಟೋರು ಈ ಶಾಮಿಯಾನದೋರು. 2023ರ ಕೇಂದ್ರ ಬಜೆಟ್ಟಲ್ಲಿ ಆ ಯೋಜನೆಗೆ 5,300 ಕೋಟಿ ಅಂತ ಘೋಷಣೆ ಆದ್ಮೇಲೆ ಆ ದುಡ್ಡಿಗೆ ಕಾದು ಕಾದು ರೈತರು ಹೆಂಗೆ ಬೀದಿಗೆ ಬಂದ್ರು ಅಂತ ಈ ಜಿಲ್ಲೆಯೋರಿಗೆ ಹೇಳೋದೇ ಬೇಡ.

ಇವ್ರ ಕೆಲಸ ನನಗೆ ಹಿಡಿಸಿದ್ದು ಯಾಕಂದ್ರೆ, ಮೊದಲ್ನೇ ದಿನ ಪೆಂಡಾಲ್ ತುಂಬಿ ರೋಡಲ್ಲೂ ಜನ ಇರ್ತಾರೆ, ಆಮೇಲೆ ಹದ ಮಳೆ ಬಿದ್ರೆ ಶೇಂಗಾ ಬಿತ್ತನೆ ಬಿಟ್ಟು ಯಾರು ಬಂದು ಕೂರ್ತಾರೆ ಹೇಳಿ? ಓನರ್ರೇ ಬಂದು "ಅಣ್ಣಾ, ಪೆಂಡಾಲ್ ಸಣ್ಣದು ಮಾಡ್ತೀನಿ, ಕುರ್ಚಿ ಎತ್ತಿ ಜಮಖಾನೆ ಹಾಸ್ತೀನಿ, ನಿಮಗೂ ಬಾಡಿಗೆ ಉಳಿಯುತ್ತೆ" ಅಂದ್ರು. ಇದು ಸಣ್ಣ ವಿಷ್ಯ ಅಲ್ಲ ಕಣ್ರೀ. ಖಾಲಿ ಕುರ್ಚಿ ಸಾಲು ನೋಡಿದ್ರೆ ಬಸ್ ಇಳಿದು ಬಂದೋರು ಅಲ್ಲೇ ರೋಡಲ್ಲಿ ನಿಂತು ನೋಡಿ ವಾಪಸ್ ಹೋಗ್ತಾರೆ, ಅದೇ ನಲವತ್ತು ಜನ ಜಮಖಾನೆ ಮೇಲೆ ಒತ್ತೊತ್ತಾಗಿ ಕೂತಿದ್ರೆ ಅವ್ರೂ ಬಂದು ಪಕ್ಕದಲ್ಲಿ ಕೂರ್ತಾರೆ.

ದೇವನಹಳ್ಳಿ ಹತ್ರ ಚನ್ನರಾಯಪಟ್ಟಣದ ರೈತರು ಜಮೀನು ಉಳಿಸಿಕೊಳ್ಳೋಕೆ 2022ರ ಏಪ್ರಿಲಲ್ಲಿ ಧರಣಿ ಕೂತೋರು, 1,777 ಎಕರೆ ಭೂಸ್ವಾಧೀನ ಕೈಬಿಟ್ಟಿದೀವಿ ಅಂತ ಸರ್ಕಾರ ಹೇಳಿದ್ದು 2025ರ ಜುಲೈ 15ಕ್ಕೆ. ಅಷ್ಟು ವರ್ಷ ಬರೀ ಭಾಷಣದಿಂದ ನಡೆಯಲ್ಲ, ಇವತ್ತು ಯಾವ ಊರಿನ ಪಾಳಿ, ಅಡುಗೆ ಯಾರ್ದು, ನೀರಿನ ಕ್ಯಾನ್ ಯಾರು ತರ್ತಾರೆ, ರಾತ್ರಿ ಮಲಗೋರು ಯಾರು ಅನ್ನೋದು ಹಿಂದಿನ ದಿನಾನೇ ಬರೆದು ನೇತುಹಾಕಿರಬೇಕು. ನಾವೂ ಚಳ್ಳಕೆರೆ, ಹಿರಿಯೂರು, ಹೊಸದುರ್ಗ ಅಂತ ಪಾಳಿ ಮಾಡಿಕೊಂಡ್ವಿ, ಅದನ್ನ ಬರೆಯೋಕೆ ಬೋರ್ಡ್ ಇವ್ರೇ ತಂದಿಟ್ರು, ಅದಕ್ಕೆ ಕಾಸು ತಗೊಳ್ಳಲಿಲ್ಲ.

ಜಾಗ ನೋಡೋಕೆ ಬಂದಾಗ ಇವ್ರು ಮೊದಲು ಕೇಳಿದ್ದು ಹತ್ರದಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ. ಅದಿಲ್ದಿದ್ರೆ ಹೆಣ್ಮಕ್ಕಳು ಎರಡ್ನೇ ದಿನ ಬರಲ್ಲ, ಹೆಣ್ಮಕ್ಕಳು ಬರದ ಧರಣಿ ಬಾಳಲ್ಲ.

ಮೈಕ್ ವಿಷ್ಯದಲ್ಲಿ ಕಟ್ಟುನಿಟ್ಟು. ಪೊಲೀಸ್ ಪರ್ಮಿಷನ್ ಕಾಪಿ ಕೈಗೆ ಬಂದ್ಮೇಲೇ ವೈರ್ ಎಳೆಯೋದು, ರಾತ್ರಿ 10ಕ್ಕೆ ಆಫ್, ಕೋರ್ಟು ಆಸ್ಪತ್ರೆ ಸ್ಕೂಲಿನ 100 ಮೀಟರ್ ಒಳಗೆ ಹಾರ್ನ್ ಕಟ್ಟಲ್ಲ. ನಮ್ಮ ಹುಡುಗ್ರಿಗೆ ಬೇಜಾರಾಯ್ತು, ಆದ್ರೆ ಪೊಲೀಸ್ರಿಗೆ ನಮ್ಮನ್ನ ಎಬ್ಬಿಸೋಕೆ ಇಂಥ ನೆಪಾನೇ ಸಾಕು, ಇವ್ರು ಮಾಡಿದ್ದೇ ಸರಿ. ದುರ್ಗದ ಆಷಾಢದ ಗಾಳಿ ಗೊತ್ತಲ್ಲ, ಸುತ್ತಲ ಗುಡ್ಡದ ಮೇಲೆಲ್ಲ ಸುಮ್ನೆ ಕರೆಂಟ್ ತೆಗೆಯೋ ಗಾಳಿ ಫ್ಯಾನ್ ನಿಲ್ಸಿದಾರಾ, ಗಾಳಿ ಬರೋ ಕಡೆ ಬಟ್ಟೆ ತಗ್ಗಿಸಿ ಹಗ್ಗ ಬಿಗಿದಿದ್ರು, ಒಂದು ಗೂಟಾನೂ ಕೀಳಲಿಲ್ಲ.

ಕೊರತೆ ಅಂದ್ರೆ ಬಿಲ್ಲು. ಬಿಳಿ ಹಾಳೆ ಮೇಲೆ ಗೀಚಿ ಕೊಡ್ತಾರೆ. ಊರೂರಲ್ಲಿ ಹತ್ತು, ಐವತ್ತು ರೂಪಾಯಿ ಕೂಡಿಸಿ ತಂದ ದುಡ್ಡು ಅದು, ಕೊಟ್ಟೋರಿಗೆ ಲೆಕ್ಕ ತೋರಿಸಬೇಕು, ಲೆಕ್ಕದಲ್ಲಿ ಅನುಮಾನ ಬಂದ್ರೆ ಮುಂದಿನ ಸಲ ಆ ಊರಿಂದ ಒಬ್ರೂ ಬರಲ್ಲ. ಕೇಳಿದ್ಮೇಲೆ ತಾರೀಖು ಹಾಕಿ ಸೈನ್ ಮಾಡಿ ಕೊಟ್ರು, ನೀವು ಮೊದಲ್ನೇ ದಿನಾನೇ ಕೇಳಿ ಇಸ್ಕೊಳ್ಳಿ. ಜನರೇಟರ್ ಹಳೇದು, ಸದ್ದು ಜಾಸ್ತಿ, ದೂರ ಇಡಿಸಿ. ಮದುವೆ ಸೀಸನ್ನಲ್ಲಿ ಕುರ್ಚಿ ಸಿಗೋದು ಕಷ್ಟ, ಜಮಖಾನೆ ಮಾತ್ರ ಯಾವಾಗ್ಲೂ ಇರುತ್ತೆ.